ಕ್ಯಾರವಾನಿನ ವಿಮೆ

“ಇವರ ಬಾಯಲ್ಲಿ ಒಂದಾದರೂ ಒಳ್ಳೆ ಮಾತು ಬರಬಾರದಾ?”

ಎಂಜಲು ಲೋಟಗಳನ್ನು ತೊಳೆಯುತ್ತ ವನಜಾಕ್ಷಿ ಗೋಡೆಯನ್ನು ಕೇಳಿದಳು. ಊರೂರು ಸುತ್ತಿ ದೇವರ ದರ್ಶನ ಮಾಡಲೆಂದು ಗಂಡಹೆಂಡತಿ ಮಂಚ, ಒಲೆ ಎಲ್ಲ ಇರುವ ಕ್ಯಾರವಾನ್ ಕೊಂಡಿದ್ದರು. ತಮ್ಮ ಕಂಪನಿಯಲ್ಲೇ ವಿಮೆ ಮಾಡಿಸಿ ಎಂದು ಏಜೆಂಟರು ಬೆಳಗಿನಿಂದ ಸಾಲುಗಟ್ಟಿ ಬಂದಿದ್ದರು. ಒಬ್ಬ, ಗ್ಯಾಸ್ ಸಿಡಿದು ಗಾಡಿಯೊಳಗೇ ಬೆಂದವರ ಕಥೆಯನ್ನು ಚಪ್ಪರಿಸಿಕೊಂಡು ಹೇಳಿದ. ಇನ್ನೊಬ್ಬ, “ಘಾಟಿಯಲ್ಲಿ ಅಂಕಲ್‌ಗೆ ಎದೆನೋವು ಬಂದ್ರೆ ಆಂಟಿ ಗತಿ ಏನು?” ಎಂದು ನಗುತ್ತಲೇ ತಟ್ಟೆಯ ಕೊನೆಯ ಬಿಸ್ಕತ್ತನ್ನೂ ಬಾಯಿಗೆ ಹಾಕಿಕೊಂಡ. ಹೆಣ ಬೀಳುವ ಮೊದಲೇ ಸುತ್ತುವ ಹದ್ದುಗಳು!

ಇವರ ಸಹವಾಸವೇ ಬೇಡವೆಂದು ಗಂಡ ನಾಗಭೂಷಣ ಬೇರೊಂದು ಕಂಪನಿಯ ವಿಮೆಯನ್ನು ಮೊಬೈಲಿನಲ್ಲೇ ಮಾಡಿಸಿಬಿಟ್ಟ.

“ನಡೀರಿ, ಪೂಜೆ ಮಾಡಿಸೋಣ. ದೇವಸ್ಥಾನದಲ್ಲಾದರೂ ಕಿವಿಗೆ ನಾಲ್ಕು ಶುಭದ ಮಾತು ಬೀಳಲಿ. ಪೂಜೆ ಆಗದೆ ನಾನಂತೂ ಊರ ಗಡಿ ದಾಟೋಳಲ್ಲ,” ಎಂದಳು.

ಅರ್ಚಕರು ಗಾಡಿಗೆ ಹಾರ ಹಾಕಿ, ಕುಂಕುಮವಿಟ್ಟು, ಇಂಪಾಗಿ ಶ್ಲೋಕ ಹೇಳತೊಡಗಿದರು. ವನಜಾಕ್ಷಿ ಚಿಕ್ಕಂದಿನಿಂದ ಶ್ಲೋಕ ಕೇಳಿಯೇ ಬೆಳೆದವಳು. ಕಣ್ಣುಗಳು ತಾವಾಗಿ ಮುಚ್ಚಿಕೊಂಡವು, ಮನಸ್ಸು ತಣ್ಣಗಾಯಿತು. ಕಾಯಿ ಒಡೆಯಲು ಎತ್ತಿದ ಕೈಯನ್ನು ಅರ್ಚಕರು ಹಾಗೇ ನಿಲ್ಲಿಸಿದರು.

“ಇದರ ವಿಮೆ ಯಾವ ಕಂಪನಿದು ತಾಯಿ?”

ಅವಳು ಹೇಳಿದಳು.

“ಅಯ್ಯೋ, ಅದನ್ನ ರದ್ದು ಮಾಡಿಸಿ ನಮ್ಮ ಕಂಪನಿಗೆ ಬನ್ನಿ. ನಾನೂ ಏಜೆಂಟೇ.”

“ಆಗಿಹೋಯ್ತು ಸ್ವಾಮಿ. ಕಾಯಿ ಒಡೆದುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಅರ್ಚಕರು ಕಾಯಿಯನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡರು.

“ಆ ಕಂಪನಿ ಗಾಡಿಗೆ ನಾನು ಕಾಯಿ ಒಡೆಯೋದಿಲ್ಲ.”