ಅಪ್ಪನ ಮೆಟ್ಟು

ಹರಳೆಣ್ಣೆ ಹಚ್ಚಿದ ತೊಗಲಿನ ವಾಸನೆ ಎಲ್ಲಿಂದ ಬಂದರೂ ಈಗಲೂ ನನ್ನ ಕಾಲು ಅಲ್ಲೇ ನಿಧಾನವಾಗುತ್ತದೆ.

ಅಪ್ಪ ತೀರಿಕೊಂಡ ಮೇಲಿನ ಮೊದಲ ಬೇಸಿಗೆ. ಹಾರನಹಳ್ಳಿಯಲ್ಲಿ ನಮ್ಮ ಪಕ್ಕದ ಬೀದಿಗೆ ಕಳ್ಳರು ನುಗ್ಗಿದ್ದರು. ಸುದ್ದಿ ಕೇಳಿ ಸೋದರಮಾವ ಅರಸೀಕೆರೆಯಿಂದ ಕಬ್ಬಿಣದ ಪಟ್ಟಿ, ಹೊಸ ಚಿಲಕ ತಂದು ಹಿತ್ತಿಲ ಬಾಗಿಲಿಗೆ ಬಡಿಯುತ್ತಿದ್ದ. ಮುಂದಿನ ಅಂಗಳದಲ್ಲಿ ತೆಂಗಿನ ಗರಿಗಳ ನೆರಳು ತೂಕಡಿಸುತ್ತಿತ್ತು.

ಅಮ್ಮ ಅಟ್ಟದಿಂದ ಅಪ್ಪನ ಮೆಟ್ಟು ಇಳಿಸಿದಳು. ಬಿರುಕುಬಿಟ್ಟ ತೊಗಲಿಗೆ ಹರಳೆಣ್ಣೆ ತಿಕ್ಕಿದಳು. ಆಮೇಲೆ ಅಂಗಳಕ್ಕೆ ನೀರು ಚಿಮುಕಿಸಿ, ಅವನ್ನು ತಾನೇ ಮೆಟ್ಟಿಕೊಂಡು ಗೇಟಿನಿಂದ ಬಾಗಿಲವರೆಗೆ ನಡೆಯತೊಡಗಿದಳು.

"ಯಾಕಮ್ಮ?" ಅಂದೆ.

"ಗಂಡಸ್ರು ಓಡಾಡಿದ ಗುರ್ತು ಕಾಣ್ಲಿ ಕಣೇ. ಮನೇಲಿ ಅವ್ರೆ ಅಂದ್ಕೊಂಡ್ರೆ ಕಳ್ರು ಬರಾಕಿಲ್ಲ."

ಒದ್ದೆ ಮಣ್ಣಿನಲ್ಲಿ ಅಗಲವಾದ ಹೆಜ್ಜೆಗಳು ಮೂಡಿದವು. ನಾನು ಒಂದೊಂದರೊಳಗೂ ಬರಿಗಾಲಿಟ್ಟು ಅವಳ ಹಿಂದೆಯೇ ನಡೆದೆ. ಮಣ್ಣು ತಣ್ಣಗಿತ್ತು.

ಅಮ್ಮ ಹೊಸ್ತಿಲ ಬಳಿ ಮೆಟ್ಟು ಬಿಟ್ಟಳು. ಬೆಳಿಗ್ಗೆ ಅಪ್ಪ ಹೊರಡುವಾಗ ನಾನು ಇಡುತ್ತಿದ್ದಂತೆ ಅವನ್ನು ಬೀದಿಯ ಕಡೆಗೆ ತಿರುಗಿಸಿಟ್ಟೆ. ಅಮ್ಮ ಬಗ್ಗಿ ಮತ್ತೆ ಮನೆಯ ಕಡೆಗೆ ತಿರುಗಿಸಿದಳು.

"ಹಂಗಿಟ್ರೆ ಹೊರಟೋದಂಗೆ ಕಾಣ್ತೈತೆ. ಒಳಕ್ಕೆ ಬಂದಂಗಿರ್ಲಿ."

ಮಾವ ಕೈ ಒರೆಸಿಕೊಳ್ಳುತ್ತಾ ಬಂದ. "ಚಿಲಕ ಗಟ್ಟಿಯಾಗೈತೆ ಅಕ್ಕ, ಇನ್ನೇನೂ ಭಯ ಇಲ್ಲ. ಆ ಮೆಟ್ಟು ಎತ್ತಿಡು."

ಅಮ್ಮ ಹೂಂಗುಟ್ಟಿದಳು.

ಮರುದಿನ ಮಧ್ಯಾಹ್ನ ಮತ್ತೆ ಅಂಗಳಕ್ಕೆ ನೀರು ಚಿಮುಕಿಸಿ, ಮೆಟ್ಟು ಹಾಕಿಕೊಂಡಳು.