ಮಾದರಿ ಮನೆಯ ಟೀ

ಕೆಳಗಿನಿಂದ ಮ್ಯಾನೇಜರ್ ಬೆಲ್ ಒತ್ತಿದ. ಗಿರಾಕಿಗಳು ಮೆಟ್ಟಿಲು ಹತ್ತುತ್ತಿದ್ದಾರೆ ಎಂದರ್ಥ. ದರ್ಜಿ ಬಿಳಿ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಒರಗಿ, ಎಂದಿನದೋ ಹಳೆಯ ಪತ್ರಿಕೆ ಬಿಡಿಸಿದ. ಅವನ ಹೆಂಡತಿ ಅಡುಗೆಮನೆಯಿಂದ ಕಪ್ ಹಿಡಿದು ಹೊರಟಳು. ಮುಖದಲ್ಲಿ ಮ್ಯಾನೇಜರ್ ಕಲಿಸಿದ ನಗು: ತಲೆ ಕೊಂಚ ಎಡಕ್ಕೆ, ಹಲ್ಲು ಕಾಣಬಾರದು.

ಹೊಸ ಅಪಾರ್ಟ್‌ಮೆಂಟಿನ ಮಾದರಿ ಮನೆ ಅದು. ಖಾಲಿ ಮನೆ ತೋರಿಸಿದರೆ ಜನ ಕೊಳ್ಳುವುದಿಲ್ಲವಂತೆ. ಒಳಗೊಂದು ಸಂಸಾರ ನಗುತ್ತಿರಬೇಕಂತೆ. ಹಾಗಾಗಿ ಅಂಗಡಿ ಮುಚ್ಚಿ ಕೂತಿದ್ದ ದರ್ಜಿಗೂ ಅವನ ಹೆಂಡತಿಗೂ ಸಂಸಾರ ಮಾಡುವ ಕೆಲಸ ಸಿಕ್ಕಿತ್ತು. ತಿಂಗಳ ಸಂಬಳ, ವಾರಕ್ಕೊಂದು ರಜೆ. ಟೀವಿ ರಟ್ಟಿನದು. ನಲ್ಲಿಯಲ್ಲಿ ನೀರಿಲ್ಲ. ಕಪಾಟಿನ ಪುಸ್ತಕಗಳಿಗೆ ಬೆನ್ನಷ್ಟೇ ಇತ್ತು, ಹೊಟ್ಟೆ ಇರಲಿಲ್ಲ. ದೇವರು ಮಾಡಿದ ಸೇಬಿನ ಮೇಲೆ ಒಂದೆರಡು ಚುಕ್ಕೆಯಾದರೂ ಇರುತ್ತವೆ. ಮೇಜಿನ ಮೇಲಿದ್ದ ಮೇಣದ ಸೇಬುಗಳು ಆ ವಿಷಯದಲ್ಲಿ ದೇವರನ್ನು ತಿದ್ದಿದ್ದವು. ದಿನವೂ ಅವಳು ತರುವ ಕಪ್ ಕೂಡ ಖಾಲಿಯೇ. ಗಿರಾಕಿ ಹೊಸ್ತಿಲು ದಾಟಿದೊಡನೆ ದರ್ಜಿ ಅದನ್ನು ಒಂದೇ ಸಲಕ್ಕೆ ಬಾಯಿಗೆತ್ತಿ, "ಆಹಾ! ನಿನ್ನ ಕೈ ಟೀ ಅಂದ್ರೆ ಟೀ ಕಣೇ!" ಅನ್ನಬೇಕು.

ಸ್ವಂತ ಮನೆಯಲ್ಲಿ ಅವರಿಬ್ಬರಿಗೂ ಮಾತು ನಿಂತು ಕೆಲವು ತಿಂಗಳಾಗಿದ್ದವು. ಅವಳ ಅಣ್ಣನೆದುರು ದರ್ಜಿ, "ಇವಳ ಟೀಗಿಂತ ಪಾತ್ರೆ ತೊಳೆದ ನೀರು ವಾಸಿ" ಎಂದುಬಿಟ್ಟಿದ್ದ. ಅಂದಿನಿಂದ ಅವಳು ಒಲೆಯ ಮೇಲೆ ಟೀ ಇಟ್ಟಿರಲಿಲ್ಲ. ಬೆಳಿಗ್ಗೆ ಒಂದೇ ಬಸ್ಸಿನ ಬೇರೆ ಬೇರೆ ಸೀಟುಗಳಲ್ಲಿ ಕೂತು ಬಂದು, ಮಾದರಿ ಮನೆಯೊಳಗೆ ಕಾಲಿಟ್ಟ ಮೇಲಷ್ಟೇ ಗಂಡ ಹೆಂಡಿರಾಗುತ್ತಿದ್ದರು. ಆದರೆ ಕಿವಿ ಬಹಳ ಸಾಧು. ದಿನವಿಡೀ ಹೊಗಳಿಕೆ ಬೀಳುತ್ತಿದ್ದರೆ ಎಷ್ಟು ಕಾಲ ಮುನಿಸಿಕೊಂಡಿದ್ದೀತು? ಸುಳ್ಳೆಂದು ಗೊತ್ತಿದ್ದೂ ಅವಳೊಳಗೆ ಏನೋ ಕರಗಿತ್ತು. ಇವತ್ತು ಬ್ಯಾಗಿನಲ್ಲಿ ಫ್ಲಾಸ್ಕ್ ತಂದಿದ್ದಳು. ಅವನಿಗೆ ಹೇಳಿರಲಿಲ್ಲ. ಹೇಗೆ ಹೇಳಿಯಾಳು, ಮಾತೇ ಇಲ್ಲವಲ್ಲ.

ಹೊಸದಾಗಿ ಮದುವೆಯಾದ ಜೋಡಿಯೊಂದು ಒಳಗೆ ಬಂತು. ದರ್ಜಿ ರೂಢಿಯಂತೆ ಕಪ್ಪನ್ನು ಪೂರ್ತಿ ಬಾಯಿಗೆ ಬಗ್ಗಿಸಿಕೊಂಡ.

"ಆಹಾ... ಅಯ್ಯಯ್ಯೋ!" ಅರ್ಧ ಟೀ ಅವನ ಅಂಗಿಯ ಮೇಲೆ, ಉಳಿದರ್ಧ ಬಿಳಿ ಸೋಫಾದ ಮೇಲೆ. "ಇದೇನೇ ಇದು, ಇದರಲ್ಲಿ ಟೀ ಇದೆ!"

"ಟೀ ಕಪ್ಪಲ್ಲಿ ಟೀ ಇರದೆ ಇನ್ನೇನು ಇರತ್ತೆ?"

"ಒಂದು ಮಾತು ಹೇಳಬಾರದಾ? ನಾಲಿಗೆ ಸುಟ್ಟೋಯ್ತು!"

"ಸುಡಬೇಕಾದ ನಾಲಿಗೇನೇ ಅದು. ಅಣ್ಣನ ಮುಂದೆ ಏನು ಅಂದಿತ್ತು, ನೆನಪಿದೆಯಾ?"

"ಅದನ್ನ ಇನ್ನೂ ಕಟ್ಕೊಂಡು ಕೂತಿದ್ದೀಯಾ? ತಮಾಷೆಗೆ ಅಂದಿದ್ದು ಕಣೇ!"

ಅವಳು ನೀರಿಗೆಂದು ಓಡಿ ನಲ್ಲಿ ತಿರುಗಿಸಿ, ಅದಕ್ಕೆ ಶಾಪ ಹಾಕಿ, ಹಾಗೇ ವಾಪಸು ಬಂದಳು. "ಬಾಯಿ ತೆಗೀರಿ, ನೋಡೋಣ" ಎಂದು ಅವನ ಗಲ್ಲ ಹಿಡಿದು ನಾಲಿಗೆಗೆ ಊದತೊಡಗಿದಳು. ಇಬ್ಬರ ಕಣ್ಣಲ್ಲೂ ನೀರು.

ಹೊಸ ಮದುಮಗಳು ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು: "ಒಳಗೆ ಬಂದಾಗ ನಿಜವಾದ ಗಂಡ ಹೆಂಡ್ತಿ ಅಂತಲೇ ಅನ್ಕೊಂಡೆ ರೀ. ಈಗ ನೋಡಿ, ಎಂಥ ಓವರ್ ಆಕ್ಟಿಂಗ್!" ಮಲಗುವ ಕೋಣೆಯನ್ನೂ ನೋಡದೆ ಇಬ್ಬರೂ ಇಳಿದು ಹೋದರು.

ಮ್ಯಾನೇಜರ್ ಬಂದು ಸೋಫಾ ನೋಡಿ ಹಣೆ ಚಚ್ಚಿಕೊಂಡ. "ಏನ್ ಯಜಮಾನ್ರೇ, ಸಹಜವಾಗಿರಿ ಸಹಜವಾಗಿರಿ ಅಂತ ಬಾಯಿ ಬಡ್ಕೊಂಡೆ. ನೀವು ನೋಡಿದ್ರೆ ಮನೇಲಿರೋ ಹಾಗೆ ಜಗಳ ಆಡ್ತೀರಿ! ನಾಳೆಯಿಂದ ಬರಬೇಡಿ. ನೋಡಿದ ತಕ್ಷಣ ಗಂಡ ಹೆಂಡ್ತಿ ಅನ್ನಿಸೋ ಜನ ಬೇಕು ನಮಗೆ."

ಕೆಲಸ ಹೋದ ಆ ಸಂಜೆ, ಬಸ್ಸಿನಲ್ಲಿ ಅವರು ಒಂದೇ ಸೀಟಿನಲ್ಲಿ ಕೂತು ಬಂದರು. ದಾರಿಯುದ್ದಕ್ಕೂ ಜಗಳವಾಡಿದರು. ಅವಳಿಗೆ ಅದೆಷ್ಟು ಹಿತವಾಗಿತ್ತೆಂದರೆ, ಮನೆಗೆ ಬಂದವಳೇ ಒಲೆ ಹಚ್ಚಿ ಟೀ ಇಟ್ಟಳು. ಬೇಕೆಂದೇ ಸಕ್ಕರೆ ಹಾಕಲಿಲ್ಲ. ಇಲ್ಲಿ ಬೆಲ್ ಇಲ್ಲ, ಗಿರಾಕಿ ಇಲ್ಲ, ಸಂಬಳವೂ ಇಲ್ಲ. "ಸಕ್ಕರೆ ಎಲ್ಲೇ?" ಎಂದು ಅವನು ಒಂದು ಸಲ ರೇಗಿದರೆ ಸಾಕು. ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ಸಕ್ಕರೆ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ನಿಂತಳು.

ದರ್ಜಿ ಊದಿ ಊದಿ ಒಂದು ಗುಟುಕು ಕುಡಿದ. ಒಂದು ಕ್ಷಣ ಕಪ್ಪಿನೊಳಗೆ ನೋಡಿದ.

"ಆಹಾ! ನಿನ್ನ ಕೈ ಟೀ ಅಂದ್ರೆ ಟೀ ಕಣೇ!"

"ಸಕ್ಕರೆ ಸರಿಯಾಗಿದೆಯಾ?"

"ಹದವಾಗಿದೆ."

ಬೆನ್ನ ಹಿಂದೆ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿ ಹಿಡಿದು ಅವಳು ನಕ್ಕಳು. ತಲೆ ಕೊಂಚ ಎಡಕ್ಕೆ, ಹಲ್ಲು ಕಾಣದ ಹಾಗೆ.