ಕರಿಯನ ಕಸುವು

ಭುವನೇಶ್ವರಿ ಹೊಸ ಟಗರಿನ ಮುಂದೆ ಬೊಗಸೆ ಗೋವಿನಜೋಳ ಸುರಿಯಬೇಕು ಎನ್ನುವಷ್ಟರಲ್ಲಿ ಅಜ್ಜಿ ಶೇವಂತೆವ್ವ ಅವಳ ಮುಂಗೈಗೆ ಫಟ್ಟನೆ ಹೊಡೆದಳು. ಕಾಳೆಲ್ಲ ಅಂಗಳದ ಪಾಲಾಯಿತು.

“ಏ ಹುಚ್ಚಿ, ಕಾಳಗಕ್ಕ ಇನ್ನ ಹದಿನೈದ ದಿನ ಐತಿ. ಈಗ ಸುರೀತಿಯಲ್ಲ!”

“ಹಸದೈತಿ ಆಯಿ. ಹೆಂಗ ಒದರಾಕತ್ತೈತಿ ನೋಡು.”

“ಒದರ್ಲಿ. ಮೈ ಬೆಳಿಯೂಮುಂದ ಹೊಟ್ಟಿ ಬಿರಿಯೂ ಹಂಗ ಹಾಕೀನಿ. ಇದು ಕಸುವು ಕೂಡೂ ಹೊತ್ತು. ಈಗ ಸುರದ್ರ ಖಂಡ ಕಟ್ಟೂದಿಲ್ಲ, ನೆಣ ಕಟ್ತೈತಿ. ನೆಣದ ಟಗರು ಕಣಕ್ಕಲ್ಲ, ಕಟಗರ ಅಂಗಡಿಗೆ.”

ಭುವನೇಶ್ವರಿ ಕಾಳು ಆರಿಸುವುದನ್ನು ಬಿಟ್ಟು ಅಜ್ಜಿಯ ಮುಖವನ್ನೇ ನೋಡುತ್ತ ಕುಳಿತಳು. ಪುಣೆಯ ಪ್ರಯೋಗಾಲಯದಲ್ಲಿ ಮೂರು ವರ್ಷ ಒದ್ದಾಡಿ ಕಲಿತದ್ದನ್ನು ಯಂಕಂಚಿಯ ಈ ಮುದುಕಿ ಒಂದೇ ಏಟಿಗೆ ಹೇಳಿ ಮುಗಿಸಿದ್ದಳಲ್ಲ! ಮಾಂಸಖಂಡದೊಳಗೆ ಬಿತ್ತನೆಯ ಬೀಜದ ಹಾಗೆ ಮಲಗಿರುವ ಕಾಂಡಕೋಶಗಳ ಮೇಲೆ ಅವಳ ಅಧ್ಯಯನ. ಸಿಕ್ಕ ಆಹಾರವನ್ನು ಅವು ಹೇಗೆ ಉರಿಸಿಕೊಳ್ಳುತ್ತವೆ ಎನ್ನುವುದನ್ನು ನೋಡಿಕೊಂಡೇ ಅವು ಖಂಡದ ಎಳೆಯಾಗಬೇಕೋ, ಕೊಬ್ಬಾಗಬೇಕೋ ಎಂಬುದು ತೀರ್ಮಾನವಾಗುತ್ತದೆ. ಅವಳ ಗಾಜಿನ ತಟ್ಟೆಗಳಲ್ಲಿ ಮಾತ್ರ ಪ್ರತಿ ಸಲವೂ ಬರೀ ಕೊಬ್ಬಿನ ಹನಿ. ಇನ್ನು ಉಳಿದದ್ದು ಒಂದೇ ಒಂದು ಶೀಶೆ. ಅದೂ ಕೆಟ್ಟರೆ ಗಂಟುಮೂಟೆ ಕಟ್ಟು ಎಂದು ಗೈಡ್ ಖಡಾಖಂಡಿತ ಹೇಳಿದ್ದರು.

ಆ ಶೀಶೆಯಲ್ಲಿದ್ದವು ಕರಿಯನ ಕೋಶಗಳು. ಮೋರಟಗಿ, ಕನ್ನೊಳ್ಳಿಯ ಕಣಗಳಲ್ಲಿ ಎದುರಾಳಿಯನ್ನು ನಿಲ್ಲಗೊಡದಿದ್ದ ಶೇವಂತೆವ್ವನ ಟಗರು ಕರಿಯ ಹೋದ ವರ್ಷ ಬಾವಿಗೆ ಬಿದ್ದು ಸತ್ತಿತ್ತು. ರಜೆಗೆ ಬಂದಿದ್ದ ಭುವನೇಶ್ವರಿ, ಹೂಳುವ ಮೊದಲು ಅದರ ತೊಡೆಯದೊಂದು ಚೂರು ಬೇಡಿ, ಬರ್ಫಿನಲ್ಲಿಟ್ಟುಕೊಂಡು ಪುಣೆಗೆ ಒಯ್ದಿದ್ದಳು. ಅಜ್ಜಿ ಬೇಡವೆನ್ನಲಿಲ್ಲ, ಆದರೆ ಒಂದು ತಿಂಗಳು ಮೊಮ್ಮಗಳ ಜೊತೆ ಮಾತಾಡಲಿಲ್ಲ. ಆ ಚೂರು ಏನಾಯಿತೆಂದು ಅವಳೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

“ಪುಸ್ತಕದಾಗೂ ನೀ ಹೇಳಿದಂಗ ಬರದೈತಿ ಆಯಿ. ಮೊದಲ ಉಣಿಸಿ ಹೆಚ್ಚಿಸು, ಆಮ್ಯಾಲ ಕಡಿಮಿ ಮಾಡು ಅಂತ. ಆದ್ರ ಕಡಿಮಿ ಮಾಡಿದ ಮರುದಿನನ ನನ್ನ ಕೋಶ ಸೊರಗತಾವ, ಒಂದಿಷ್ಟು ಸಾಯ್ತಾವ. ನನ್ನ ಜೀವ ತಡಿಯೂದಿಲ್ಲ, ಮತ್ತ ಸುರೀತೇನಿ.”

“ನಾಕನೇ ದಿನದ ತನಕ ಕಾದಿಯೇನು?”

“ಇಲ್ಲ.”

“ಅಲ್ಲೇ ತಪ್ಪೀದಿ ನೋಡು. ಮೂರು ದಿನ ಒದರತಾವ. ಆ ಮೂರು ದಿನ ಸಾಕಿದಾಕಿ ಕರುಳು ಕಲ್ಲು ಮಾಡ್ಕೋಬೇಕು. ಹಂಗಂತ ಬಿಟ್ಟು ಹೋಗೂದಲ್ಲ ಮತ್ತ. ಹತ್ತರನ ಕುಂದರಬೇಕು, ಕೊಡಬಾರದು, ಅಷ್ಟ.”

ಸಾಲಿಯ ಮೆಟ್ಟಿಲು ಹತ್ತದ ಹೆಂಗಸಿನ ಬಾಯಲ್ಲಿ ಎಂಥ ಮಾತು! ಪುಣೆಗೆ ಮರಳಿದ ಭುವನೇಶ್ವರಿ ಕೊನೆಯ ಶೀಶೆ ತೆರೆದಳು. ತಟ್ಟೆ ತುಂಬುವವರೆಗೆ ಕೋಶಗಳಿಗೆ ಉಣಿಸಿ, ಆಮೇಲೆ ಆಹಾರದ ದ್ರವವನ್ನು ತೆಳ್ಳಗೆ ಮಾಡಿದಳು. ಮೊದಲ ದಿನ ಸೊರಗಿದವು. ಎರಡನೆಯ ದಿನ ಸತ್ತವು ಮೇಲೆ ತೇಲಿದವು. ಮೂರನೆಯ ದಿನ ಅವಳ ಕೈ ಆಹಾರದ ದ್ರವವಿದ್ದ ಫ್ರಿಜ್ಜಿನ ಬಾಗಿಲವರೆಗೂ ಹೋಯಿತು, ಅಷ್ಟರಲ್ಲಿ ಅಜ್ಜಿಯ ಏಟು ಮುಂಗೈ ಮೇಲೆ ಚುರ್ ಎಂದಂತಾಗಿ ಹಿಂದೆ ಬಂತು. ನಾಲ್ಕನೆಯ ದಿನ ನೋಡಿದರೆ ಒಂಟಿ ಕೋಶಗಳು ಒಂದಕ್ಕೊಂದು ಕೂಡಿ ಉದ್ದನೆಯ ಎಳೆಗಳಾಗಿದ್ದವು. ಆರನೆಯ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಎಳೆ ಮಿಡುಕುತ್ತಿತ್ತು. ಯಾರೂ ಮುಟ್ಟಿರಲಿಲ್ಲ, ತಾನಾಗಿಯೇ ಮಿಡುಕುತ್ತಿತ್ತು.

ಕೂಡಲೇ ಅಜ್ಜಿಯ ನೆರೆಮನೆಯ ರೇವಣಪ್ಪನ ಮೊಬೈಲಿಗೆ ಫೋನು ಹಚ್ಚಿ ಅಜ್ಜಿಯನ್ನು ಕರೆಸಿದಳು.

“ಆಯಿ, ನಿನ್ನ ಮಾತು ಖರೇ ಆತು! ಖಂಡ ಕಟ್ಟೈತಿ, ಮಿಡುಕಾಕತ್ತೈತಿ!”

“ಶಾಣ್ಯಾಕಿ ನನ್ನವ್ವ! ಯಾವ ಟಗರಿಂದು ಅದು?”

“ನಮ್ಮ ಕರಿಯಂದು, ಆಯಿ.”

ಆ ಕಡೆ ಶೇವಂತೆವ್ವ ರೇವಣಪ್ಪನಿಗೆ ಅತ್ತ ಸರಿಯಲು ಹೇಳಿದ್ದು ಕೇಳಿಸಿತು.

“ಫೋನು ಅದರ ಹತ್ತರ ಹಿಡಿ.”

“ಅದಕ್ಕ ಕಿವಿ ಇಲ್ಲ ಆಯಿ.”

“ಹಿಡಿ ಅಂದ್ರ ಹಿಡಿಯಬೇಕು.”

ಮೊಮ್ಮಗಳು ಬಾಗಿಲ ಕಡೆ ಒಮ್ಮೆ ನೋಡಿ, ಮೊಬೈಲನ್ನು ಗಾಜಿನ ತಟ್ಟೆಯ ಪಕ್ಕಕ್ಕೆ ಹಿಡಿದು, ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಕಾಳಗ ಗೆದ್ದು ಬಂದ ದಿನ ಮಾತ್ರ ಅಂಗಳದಲ್ಲಿ ಕೇಳುತ್ತಿದ್ದ ದನಿ ಯಂಕಂಚಿಯಿಂದ ತೇಲಿ ಬಂತು:

“ಟುರ್ರ್... ಗೆದ್ದಿ ಬಾರಲೇ ನನ್ನ ಕರಿಯಾ! ಬಾ, ಇನ್ನ ಉಣ್ಣು ಬಾ!”